ಹಿಂಬಾಗಿಲಿನಿಂದ ಹೋದವನು

ಬೆಳಕು ಹರಿಯುವ ಮೊದಲು ಜೋಫಿಯಾ ಹುದಾಕ್ ಒಲೆಯ ಬೂದಿ ಬಳಿದು ಕಲ್ಲಿದ್ದಲು ತುಂಬಬೇಕು, ಕಾಫಿಗೆ ನೀರಿಡಬೇಕು, ಕಿಟಕಿಯ ದಂಡೆಗಳನ್ನು ಒರೆಸಬೇಕು, ಹಿಂಬಾಗಿಲ ಮೆಟ್ಟಿಲು ಗುಡಿಸಬೇಕು, ಹಂದಿಕೊಬ್ಬಿನಲ್ಲಿ ಎರಡು ಮೊಟ್ಟೆ ಒಡೆದು ಹಾಕಬೇಕು. ಸುಣ್ಣದ ಭಟ್ಟಿಯ ಬಿಳಿ ಧೂಳು ರಾತ್ರಿಯೆಲ್ಲ ಊರಿನ ಮೇಲೆ ಇಳಿಯುತ್ತದೆ. ಪೆನ್ಸಿಲ್ವೇನಿಯಾದ ಆ ಪುಟ್ಟ ಊರಿನಲ್ಲಿ ಹೆಂಗಸರು ನಿನ್ನೆ ಒರೆಸಿದ್ದನ್ನೇ ಇವತ್ತೂ ಒರೆಸುತ್ತಾರೆ. ಗುಡ್ಡದ ಮೇಲಿನ ವಿಶ್ವವಿದ್ಯಾಲಯದವರೆಗೆ ಮಾತ್ರ ಧೂಳು ಹತ್ತುವುದಿಲ್ಲ.

ಗಂಡ ಮಿಹಾಲ್ ರಾತ್ರಿ ಪಾಳಿ ಮುಗಿಸಿ ನಾಲ್ಕೂವರೆಗೆ ಬರುತ್ತಿದ್ದ. ಬೂಟು ಬಿಚ್ಚುವಷ್ಟರಲ್ಲಿ ತಟ್ಟೆ ಎದುರಿಗಿರಬೇಕಿತ್ತು. ಮದುವೆಯಾದ ಇಪ್ಪತ್ತಾರು ವರ್ಷವೂ ಹಾಗೇ ಇತ್ತು. ಫೆಬ್ರವರಿಯಲ್ಲಿ ಅವನು ಸತ್ತ. ಮಾರ್ಚಿನಿಂದ ಮೆಟ್ಟಿಲ ಧೂಳಿನಲ್ಲಿ ದಿನವೂ ಬೂಟಿನ ಗುರುತು. ಎಲ್ಲವೂ ಮನೆಯತ್ತ ಬಂದವು. ಮರಳಿ ಹೋದದ್ದು ಒಂದೂ ಇಲ್ಲ. ನಾಲ್ಕೂವರೆಗೆ ಬಾಗಿಲು ಎರಡು ಸಲ ಬಡಿದ ಸದ್ದಾದಾಗ ಅವಳು ಮುಖ ತಿರುಗಿಸಿಕೊಂಡು ತೆರೆದು ತಟ್ಟೆ ಹೊರಗಿಡುತ್ತಿದ್ದಳು. ಬೆಳಕಾದಾಗ ತಟ್ಟೆ ಖಾಲಿ. ಬೆಕ್ಕೆಂದುಕೊಳ್ಳೋಣವೆಂದರೆ ಬೆಕ್ಕಿನ ಹೆಜ್ಜೆ ಇರಲಿಲ್ಲ.

ಪಕ್ಕದ ಮನೆಯ ಬರ್ತಾ ಎಂಬ ಮುದುಕಿಯನ್ನು ಕೇರಿಯೆಲ್ಲ ‘ತೆಟಾ’, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಅವಳು ಬೇಲಿಯಾಚೆಯಿಂದ ಪೊರಕೆ ಹಿಡಿದೇ ಹೇಳಿದಳು:

“ತಪ್ಪು ನಿಂದೇ ಕಣೇ. ಮುಂಬಾಗಿಲು ಇರೋದು ಪಾದ್ರಿಗೆ, ಶವದ ಪೆಟ್ಟಿಗೆಗೆ. ನೀನು ಅವನನ್ನ ಹಿಂದಿನಿಂದ ಕಳಿಸ್ದೆ.”

“ಮುಂದೆ ಎದೆಮಟ್ಟ ಹಿಮ ಬಿದ್ದಿತ್ತಲ್ಲ ತೆಟಾ. ಹೊತ್ತೋರೂ ಹಿಂದೇನೇ ಸಲೀಸು ಅಂದ್ರು.”

“ದಿನಾ ಅಲ್ಲಿಂದ್ಲೇ ತಾನೆ ಪಾಳಿಗೆ ಹೋಗ್ತಿದ್ದಿದ್ದು? ಪಾಳಿ ಅಂದ್ಕೊಂಡೇ ಹೋಗಿದಾನೆ. ಪಾಳಿ ಮುಗಿದ್ಮೇಲೆ ಮನೆಗೆ ಬರ್ದೆ ಇನ್ನೆಲ್ಲಿಗೆ ಹೋಗ್ತಾನೆ?”

“ಬದುಕಿದ್ದಾಗ ಹೆಂಡದಂಗ್ಡಿಗೆ ಹೋಗ್ತಿದ್ನಲ್ಲ!”

ತೆಟಾ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಮೊಟ್ಟೆ ಮಾತ್ರ ನಿಲ್ಲಿಸ್ಬೇಡ. ಹಸ್ಕೊಂಡು ಒಳಗೇ ಬಂದಾನು.”

ಜೋಫಿಯಾ ತೆಟಾಗೆ ಒಂದು ಸಂಗತಿ ಹೇಳಿರಲಿಲ್ಲ. ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರದಿಂದ, ಬೆಳಗ್ಗೆ ಐದಕ್ಕೆ. ಮೊದಲ ದಿನ ತಡವಾದರೆ ಕೆಲಸ ಇನ್ನೊಬ್ಬಳ ಪಾಲು. ಅಲ್ಲೂ ಮೊಟ್ಟೆ ಒಡೆಯುವುದೇ, ನಾನೂರು ಹುಡುಗರಿಗೆ. ಆದರೆ ಪ್ರತಿ ಶುಕ್ರವಾರ, ಮೊಟ್ಟೆ ಒಡೆದವಳ ಹೆಸರಿನಲ್ಲೇ ಸಂಬಳದ ಲಕೋಟೆ ಬರುತ್ತದೆ. ಗುಡ್ಡದ ಬಸ್ಸು ನಾಲ್ಕೂ ನಲವತ್ತಕ್ಕೆ.

ಸೋಮವಾರ ಅವಳು ಒಲೆ ಹಚ್ಚಲಿಲ್ಲ. ಕೋಟು ತೊಟ್ಟು ಕತ್ತಲ ಅಡುಗೆಮನೆಯಲ್ಲಿ ನಿಂತಳು. ಭಟ್ಟಿಯ ಸೈರನ್ ಕೂಗಿ ನಿಂತಿತು. ಸ್ವಲ್ಪ ಹೊತ್ತಿಗೆ ಹಿತ್ತಲಿನ ಕಲ್ಲುಪುಡಿಯ ಮೇಲೆ ಭಾರದ ಹೆಜ್ಜೆ, ಆಮೇಲೆ ಮೆಟ್ಟಿಲು, ಒಂದು, ಎರಡು, ಮೂರು. ಬಾಗಿಲ ಸಂದಿಯಿಂದ ಸುಣ್ಣ, ಬೆವರು ಬೆರೆತ ವಾಸನೆ ಬಂತು. ಎರಡು ಬಡಿತ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆದರೆ ಅವನು ಎಂದೂ ತಾನಾಗಿ ತೆರೆದವನಲ್ಲ.

ಮುಂಬಾಗಿಲು ಅವಳ ಬೆನ್ನಿಗೆ ಹತ್ತು ಹೆಜ್ಜೆ ದೂರವಿತ್ತು. ಅಲ್ಲಿಂದ ಜಾರಿಕೊಂಡರೆ ಯಾರ ಎದುರಿಗೂ ಬೀಳಬೇಕಿಲ್ಲ. ಆದರೆ ನಾಳೆಯೂ ಜಾರಿಕೊಳ್ಳಬೇಕು, ನಾಡಿದ್ದೂ.

ಮತ್ತೆ ಬಡಿತ, ಈ ಸಲ ಜೋರಾಗಿ.

ಅವಳು ಹಿಂಬಾಗಿಲು ತೆರೆದಳು. ಮುಖ ತಿರುಗಿಸಲಿಲ್ಲ. ಹೊರಗೆ ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ. ಆ ಕತ್ತಲು ಉಸಿರಾಡುತ್ತಿತ್ತು.

“ಆ ಕಡೆ ಸರ್ಕೋ,” ಎಂದಳು. “ನಂಗೆ ಪಾಳಿಗೆ ಹೊತ್ತಾಯ್ತು.”