ಬೇವಿನ ಮರದ ಕಡೆ ಹಂದರ ಬೇಡ

ದೊಡ್ಡವಳೇ, ಸಣ್ಣವನೇ, ಬಾಯಿಬಿಟ್ಟು ಹೇಳಲಾರದ್ದನ್ನು ನಿಮಗೆ ಬರೆದು ಇಡುತ್ತಿದ್ದೇನೆ. ಶಿರಹಟ್ಟಿ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತಷ್ಟೇ ನನ್ನ ವಿದ್ಯೆ. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಈಗಲೂ ಎದ್ದು ಒಳಗೆ ಹೋಗುತ್ತೇನೆ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ, ಅಷ್ಟು ಸಮಾಧಾನ. ಆದರೂ ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ. ಯಾಕೆ ಎಂಬುದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ನಿಮ್ಮ ಅಪ್ಪ ಅವ್ವನ ಮದುವೆ ಮುಂಡರಗಿಯಲ್ಲಿ, ಗಂಡಿನವರ ಮನೆಯಲ್ಲಿ ಎಂದು ಮಾತಾಗಿತ್ತು. ಆಮೇಲಿನ ರಿಸೆಪ್ಷನ್ ನಮ್ಮ ಕಡೆಯದು. ನಿಮ್ಮ ಅಜ್ಜ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಅಸುಂಡಿಯ ಮನೆಯಲ್ಲಿ ನಾನು ಮತ್ತು ನಿಮ್ಮ ಅವ್ವ ಇಬ್ಬರೇ. ಅವಳು ದಿನವೂ ಬಸ್ಸಿನಲ್ಲಿ ಗದಗಕ್ಕೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಹೀಗಾಗಿ ಜಾಗ ನೋಡುವುದು, ಅಡುಗೆಯವರನ್ನು ಗೊತ್ತುಮಾಡುವುದು, ಎಲ್ಲವೂ ನಮ್ಮಿಬ್ಬರ ಪಾಲಿಗೇ ಬಂತು. ಗಂಡಸರಿಲ್ಲದ ಮನೆಯವರು ರಿಸೆಪ್ಷನ್ ಹೇಗೆ ಮಾಡುತ್ತಾರೋ ನೋಡೋಣ ಎಂದು ಊರೇ ಕಾಯುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು.

ಮೊದಲು ಬೆಟಗೇರಿಯ ಒಂದು ಕಲ್ಯಾಣ ಮಂಟಪಕ್ಕೆ ಹೋದೆವು. ವೇದಿಕೆಯ ಮೇಲೆ ಬಂಗಾರದ ಬಣ್ಣ ಬಳಿದ ಕೆಂಪು ಸೋಫಾ ಇತ್ತು. ಹಿಂದಿನ ದಿನ ಮದುವೆಯಾದವರ ಹೆಸರಿನ ಅಕ್ಷರಗಳನ್ನು ಒಬ್ಬ ಆಳು ಗೋಡೆಯಿಂದ ಕಿತ್ತು ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ನಿಮ್ಮ ಅವ್ವ ಸೋಫಾದ ಮೇಲೆ ಕುಳಿತು ನೋಡಿ ನಗುತ್ತಾ ಎದ್ದಳು.

"ಯವ್ವಾ, ಇದರ ಮ್ಯಾಲ ಕುಂತ್ರ ನಾ ಕಂಪನಿ ನಾಟಕದ ರಾಣಿ ಕಂಡಂಗ ಕಾಣ್ತೀನಿ."

"ಎಲ್ಲಾರೂ ಇದರ ಮ್ಯಾಲೇ ಕುಂತಾರ. ಯಾರಿಗೇನಾತು?" ಎಂದೆ.

ಮಲ್ಲಸಮುದ್ರದ ಕಡೆ ಹೊಸದಾಗಿ ಕಟ್ಟಿದ್ದ ಇನ್ನೊಂದನ್ನು ನೋಡಿದೆವು. ಅಲ್ಲಿ ಅಂಗಳಕ್ಕೆಲ್ಲ ಪ್ಲಾಸ್ಟಿಕ್ಕಿನ ಹುಲ್ಲು ಹಾಸಿದ್ದರು. ನಿಮ್ಮ ಅವ್ವ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು, ಕಾಲು ಸುಟ್ಟು ಮತ್ತೆ ಚಪ್ಪಲಿ ಮೆಟ್ಟಿಕೊಂಡಳು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಒಮ್ಮೆಲೇ ಅಂದಳು:

"ನಮ್ಮ ಹೊಲದಾಗs ಮಾಡೂಣವ್ವಾ. ಕಡ್ಲಿ ಕಿತ್ತು ಖಾಲಿ ಐತಿ. ಆ ಬೇವಿನ ಗಿಡದ ಬುಡಕ ಹಂದರ ಹಾಕಿ, ಹಿಂದ ಜ್ವಾಳದ ಕಣಕಿ ನಿಂದ್ರಿಸಿ, ಮಂದಿನ್ನ ಸಾಲಾಗಿ ಕುಂದ್ರಿಸಿ ಹುಗ್ಗಿ ಬಡಸೂಣು. ಅಪ್ಪ ದುಡದ ಹೊಲಾ. ಅಲ್ಲೇ ಆದ್ರ ಅಪ್ಪನೂ ಇದ್ದಂಗ ಆಕ್ಕೈತಿ."

ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ನಾನೋ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನಿಮ್ಮ ಅವ್ವನಿಗಿಂತ ಮೊದಲು ನನಗೊಂದು ಗಂಡು ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು, ಹೆಸರಿಟ್ಟಿರಲಿಲ್ಲ. ನಿಮ್ಮ ಅಜ್ಜ ಅದನ್ನು ತಮ್ಮ ಧೋತರದಲ್ಲಿ ಸುತ್ತಿ ಎತ್ತಿಕೊಂಡು ಹೋಗಿ, ಹೊಲದ ಮೂಲೆಯ ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ನಾಯಿ ನರಿ ಕೆದರಬಾರದೆಂದು ಮೇಲೊಂದು ಹಾಸುಗಲ್ಲು ಇಟ್ಟು ಬಂದರು.

ಆಮೇಲೆ ನಿಮ್ಮ ಅವ್ವ ಹುಟ್ಟಿದಳು. ನನ್ನ ಅತ್ತೆ ಅವಳನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಎಸೆದು ಹೋದ ಕೂಸು ಎನ್ನುವಂತೆ ಎತ್ತಿ ತಂದು ನನ್ನ ಮಡಿಲಿಗೆ ಹಾಕಿದರು. ಮಕ್ಕಳು ಉಳಿಯದ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು. ತಿಪ್ಪೆಯ ಕೂಸನ್ನು ಸಾವು ಕಣ್ಣೆತ್ತಿ ನೋಡುವುದಿಲ್ಲ ಎಂದು ನಂಬಿಕೆ. ಆ ಹೊತ್ತಿನಲ್ಲೇ ಅತ್ತೆ ನನ್ನ ಕೈ ಹಿಡಿದು ಒಂದು ಮಾತು ತೆಗೆದುಕೊಂಡರು. ಮೊದಲಿನ ಕೂಸಿನ ಸುದ್ದಿ ಇದರ ಕಿವಿಗೆ ಬೀಳಬಾರದು. ಬಿದ್ದರೆ ಸತ್ತ ಕೂಸು ಇದನ್ನೂ ತನ್ನ ಆಟಕ್ಕೆ ಕರೆದುಕೊಳ್ಳುತ್ತದೆ.

ನಾನು ಅದನ್ನು ನಂಬಿದೆ. ನಿಮ್ಮ ಅವ್ವ ಚಿಕ್ಕವಳಿದ್ದಾಗ ಆ ಕಲ್ಲಿನ ಮೇಲೆ ಕುಳಿತು ಬುತ್ತಿ ಉಣ್ಣಲು ಹೋದರೆ, ಅಲ್ಲಿ ಹಾವು ಇದೆ ಎಂದು ಹೆದರಿಸಿ ಎಳೆದು ತರುತ್ತಿದ್ದೆ. ಅತ್ತೆ ಹೋದರು, ನಿಮ್ಮ ಅಜ್ಜನೂ ಹೋದರು. ಕಲ್ಲಿನ ಕೆಳಗೆ ಏನಿದೆ ಎಂದು ತಿಳಿದವಳು ನಾನೊಬ್ಬಳೇ ಉಳಿದೆ.

ಬಸ್ಸಿನಲ್ಲಿ ನನಗೆ ತೋಚಿದ್ದು ಒಂದೇ ನೆಪ. "ಬ್ಯಾಸಗಿಗೆ ಎರಿ ಮಣ್ಣು ಬಿರಕ ಬಿಟ್ಟಿರತೈತಿ. ಮಂದಿ ಕಾಲ ಸಿಗಾಕ್ಕೊಂಡು ಬಿದ್ದ್ರ ಏನ್ ಮಾಡ್ತಿ? ಬೆಟಗೇರಿದs ಛಲೋ ಇತ್ತು."

"ನಮ್ಮ ಹೊಲಾ ಬೀಗರಿಗೆ ತೋರ್ಸಾಕ ನಿನಗ ನಾಚಿಕಿ ಬರ್ತೈತಿ, ಖರೆ ಹೇಳು," ಎಂದಳು. ಆ ಮಾತು ನನಗೆ ಚುಚ್ಚಿತು. ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಮತ್ತೆ ಯಾಕೆ ಎಂದು ಕೇಳುತ್ತಾಳೆ. ತಲೆ ತಗ್ಗಿಸಿ ಕುಳಿತೆ.

ಆದರೆ ಅವಳು ಸುಮ್ಮನೆ ಬಿಡುವ ಹುಡುಗಿಯಲ್ಲ. ಮರುದಿನವೇ ಗದಗಿನಿಂದ ಅಲಂಕಾರ ಮಾಡುವವನೊಬ್ಬನನ್ನು ಹೊಲಕ್ಕೆ ಕರೆತಂದಳು. ಅವನು ಟೇಪು ಹಿಡಿದು ಅಳೆದ. ಬೇವಿನ ನೆರಳು ಸಂಜೆಗೆ ಎಲ್ಲಿ ಬೀಳುತ್ತದೆ ಎಂದು ನೋಡಿದ. "ಜಾಗಾ ಭಾರೀ ಐತ್ರಿ. ಒಂದ ಜೆಸಿಬಿ ತರ್ಸಿ ಬಿರಕೆಲ್ಲ ಮುಚ್ಚಿ ಸಪಾಟ ಮಾಡಿಬಿಡೂಣು. ಈ ಕಲ್ಲೊಂದು ಅಡ್ಡ ಬರ್ತೈತಿ, ಇದನ್ನೂ ಕಿತ್ತು ಒಗದ್ರ ಆತು," ಎಂದು ಕಾಲಿನಿಂದ ಅದನ್ನು ತಟ್ಟಿದ. ಬಿರುಕಿನ ನೆಪ ಹೇಳಿ ಜೆಸಿಬಿಯನ್ನು ಕರೆಸಿದವಳು ನಾನೇ ಆದೆ.

ಜೆಸಿಬಿ ಬರುವ ದಿನದವರೆಗೆ ನಾನು ಹೇಗಿದ್ದೆ ಎಂದು ಹೇಳಲಾರೆ. ಸುಮ್ಮನಿದ್ದರೆ ಕೂಸಿನ ಎಲುಬು ಆ ಕಬ್ಬಿಣದ ಹಲ್ಲಿಗೆ ಬರುತ್ತದೆ. ಬಾಯಿ ಬಿಟ್ಟರೆ ಬದುಕಿದ ಮಗಳಿಗೆ ಏನಾಗುತ್ತದೋ. ಅದೂ ಮದುವೆಯ ಹೊಸ್ತಿಲಲ್ಲಿ. ಬೀಗರ ಕಿವಿಗೆ ಬಿದ್ದರೆ, ಸ್ಮಶಾನದಲ್ಲಿ ಊಟಕ್ಕೆ ಕರೆದರು ಎನ್ನುತ್ತಾರೆ, ನೆಂಟಸ್ತನವೇ ಮುರಿಯುತ್ತದೆ. ರೊಟ್ಟಿ ಬಡಿಯಲು ಕುಳಿತರೆ ಹಿಟ್ಟಿನಲ್ಲಿ ಕೈ ನಿಂತುಬಿಡುತ್ತಿತ್ತು. ನಿಮ್ಮ ಅವ್ವ ಸ್ವಲ್ಪ ಕೆಮ್ಮಿದರೂ, ನಾನು ಮನಸ್ಸಿನಲ್ಲಿ ಅಂದುಕೊಂಡದ್ದೇ ಆ ಕೂಸಿಗೆ ಕೇಳಿಸಿತೇನೋ ಎಂದು ಬೇವಿನ ಮರವಿರುವ ದಿಕ್ಕಿಗೆ ನೋಡುತ್ತಿದ್ದೆ.

ಜೆಸಿಬಿ ಬರುವ ದಿನವೇ ನಿಮ್ಮ ಅಪ್ಪನ ಅವ್ವ, ಮುಂಡರಗಿ ಅಜ್ಜಿ, ಜಾಗ ನೋಡಲು ಕಾರಿನಲ್ಲಿ ಬಂದರು. ನಿಮಗೆ ಅವರು ಪೇಢೆ ತರುವ ಅಜ್ಜಿ. ನನಗೆ ಆಗ ಅವರನ್ನು ಕಂಡರೆ ಮಾತೇ ಹೊರಡುತ್ತಿರಲಿಲ್ಲ. ಅಂಗಡಿ ನಡೆಸಿದ ಹೆಂಗಸು, ಎತ್ತರದ ದನಿ, ಎಲ್ಲದಕ್ಕೂ ನೇರ ಪ್ರಶ್ನೆ. ಅವರು ಬದುವಿನ ಮೇಲೆ ನಿಂತು ನಿಮ್ಮ ಅವ್ವನ ಜೊತೆ ಹಂದರದ ಮಾತಾಡುತ್ತಿದ್ದಾಗ ಜೆಸಿಬಿ ಹೊಲಕ್ಕೆ ಇಳಿಯಿತು. ನೇರವಾಗಿ ಬೇವಿನ ಮರದ ಕಡೆಗೇ ಬಂತು.

ನಾನು ಹೋಗಿ ಕಲ್ಲಿನ ಮೇಲೆ ಕುಳಿತೆ. ಹಾಗೆ ಮಾಡಬೇಕೆಂದು ಮೊದಲೇ ನಿಶ್ಚಯಿಸಿದ್ದಲ್ಲ. ಕಾಲುಗಳು ತಾವೇ ಹೋದವು.

ಡ್ರೈವರ್ ಮೇಲಿನಿಂದ ಬಗ್ಗಿ ನೋಡಿ ನಕ್ಕ. "ಏಳ್ರಿ ಅಮ್ಮಾರ! ನಿಮ್ಮನ್ನೂ ಕಲ್ಲಿನ ಜೋಡಿ ಎತ್ತಿ ಆಕಡೆ ಇಡಲೇನ್ರಿ?"

ನಿಮ್ಮ ಅವ್ವ ಓಡಿ ಬಂದಳು. "ಯವ್ವಾ, ಏನಿದು? ಅತ್ತಿಯಾರು ನೋಡಾಕತ್ತಾರ. ಏಳು."

"ಇದರ ಕೆಳಗ ಕೂಸೈತಿ," ಎಂದೆ. ಗಾಡಿಯ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಡ್ರೈವರನಿಗೂ ಏನೂ ಕೇಳಲಿಲ್ಲ, ಅವನು ಎಂಜಿನ್ ಬಂದ್ ಮಾಡಿದ. ಅಷ್ಟರಲ್ಲಿ ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ಎರಡನೆಯ ಸಲ ಕೂಗಿದ್ದೆ. ಸದ್ದು ನಿಂತ ಹೊಲದಲ್ಲಿ ನನ್ನ ದನಿಯೊಂದೇ ಕೇಳಿತು. "ನಿಮ್ಮಣ್ಣ ಅದಾನವ್ವಾ ಇಲ್ಲಿ. ನಿನಕಿಂತ ಮೊದಲ ಹುಟ್ಟಿದಂವ."

ಬದುವಿನ ಮೇಲಿದ್ದ ಬೀಗತಿಗೂ ಕೇಳಿತು. ಅವರು ಸೆರಗು ಎಳೆದುಕೊಂಡು ಹತ್ತಿರ ಬಂದರು. ಕಲ್ಲು ನೋಡಿದರು, ನನ್ನನ್ನು ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು.

"ನಿನಗ ಗೊತ್ತಿತ್ತೇನ?" ಎಂದು ನಿಮ್ಮ ಅವ್ವನನ್ನು ಕೇಳಿದರು. ಅವಳು ತಲೆ ಅಲ್ಲಾಡಿಸಿದಳು.

"ಹಂಗಾರ ನಾವು ಇಲ್ಲಿ ಬಂದು ಆರತಿ ಎತ್ತಿ, ಅಕ್ಕಿಕಾಳ ಹಾಕಿ ಉಂಡು ಹೋಗೂದಿತ್ತೇನು? ಇಂಥಾದ್ದು ಮುಚ್ಚಿಟ್ಟು ಬೀಗಸ್ತನ ಮಾಡ್ತಾರೇನ್ರಿ ಬೀಗ್ರ?"

ಅವರು ಫೋನ್ ತೆಗೆದು ಬದುವಿನ ಉದ್ದಕ್ಕೂ ನಡೆಯುತ್ತಾ ಹೋದರು. ಮುಂಡರಗಿಯಲ್ಲಿರುವ ತಮ್ಮ ಅತ್ತೆಗೆ ಮಾಡಿದ್ದರು. ಆ ಮುದುಕಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಆದರೂ ಆ ಮನೆಯಲ್ಲಿ ಶುಭ ಅಶುಭ ಎಲ್ಲ ಅವಳನ್ನು ಕೇಳಿಯೇ. ಗಾಳಿಗೆ ಮಾತು ನಮಗೆ ಕೇಳುತ್ತಿರಲಿಲ್ಲ. ಕೈ ಮಾತ್ರ ಕಾಣುತ್ತಿತ್ತು. ಒಮ್ಮೆ ಮೇಲೇರುತ್ತಿತ್ತು, ಒಮ್ಮೆ ನಮ್ಮ ಕಡೆ ತೋರಿಸುತ್ತಿತ್ತು. ಆ ಕೈಯನ್ನೇ ನೋಡುತ್ತಾ ನನ್ನ ಮಗಳ ಮದುವೆ ಮುರಿಯಿತು ಎಂದುಕೊಂಡೆ. ನಿಮ್ಮ ಅವ್ವ ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು. ನನ್ನ ಮುಖ ನೋಡಲಿಲ್ಲ.

"ಹೆಸರೇನಿತ್ತು?" ಎಂದಳು.

"ಇಟ್ಟಿದ್ದಿಲ್ಲವ್ವಾ."

"ಹಾವೈತಿ ಅಂತಿದ್ದೆಲ್ಲಾ, ಇದಕ್ಕs ಏನು?"

ಹೂಂ ಎಂದೆ. ಅವಳು ಕಲ್ಲಿನ ಅಂಚಿಗೆ ಸಿಕ್ಕಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯತೊಡಗಿದಳು. ಮುಟ್ಟಬೇಡ ಎಂದು ಕೂಗಬೇಕೆನ್ನಿಸಿತು. ಕಲ್ಲಿನ ಇನ್ನೊಂದು ಅಂಚನ್ನು ಬಿಗಿಯಾಗಿ ಹಿಡಿದು ಕುಳಿತೆ.

ಬೀಗತಿ ತಿರುಗಿ ಬಂದರು. ಮುಖದ ಸಿಟ್ಟು ಇಳಿದಿರಲಿಲ್ಲ. ನಮಗೆ ಹೇಳದೆ ಮೊದಲು ಡ್ರೈವರನಿಗೆ ಹೇಳಿದರು: "ಏ ತಮ್ಮಾ, ನಿನ್ನ ಗಾಡಿ ಹಿಂದಕ್ಕ ತಗೀ. ಬಾವಿ ಕಡಿ ಸಪಾಟ ಮಾಡು. ಈ ಗಿಡದ ಸನೇಕ ಬರಬ್ಯಾಡ." ಆಮೇಲೆ ನನಗೆ: "ನಮ್ಮತ್ತಿ ಹೇಳ್ಯಾರ. ಮಣ್ಣಾಗ ಹ್ವಾದ ಹಸುಗೂಸಿಗೆ ಮೈಲಿಗಿ ಇಲ್ಲಂತ. ಆದ್ರ ಅದರ ತೆಲಿ ಮ್ಯಾಲ ಹಂದರ ಹಾಕಬಾರದು, ಅದಕ್ಕ ಬೆನ್ನ ಮಾಡಿ ಮದಮಕ್ಕಳು ಕುಂದ್ರಬಾರದು. ಮಂದಿಗೆ ಎಲಿ ಹಾಕೂಕಿಂತ ಮೊದಲ ಗಿಡದ ಬುಡಕ ಒಂದ ಎಡಿ ಇಡಬೇಕು. ಹಡದಾಕಿನs ಒಯ್ದು ಇಡಬೇಕು, ಬ್ಯಾರೆ ಯಾರೂ ಅಲ್ಲ. ಮತ್ತ ಈ ಸುದ್ದಿ ನಮ್ಮ ಮಂದಿಗೆ ಗೊತ್ತಾಗಬಾರದು." ಕಾರು ಹತ್ತುವಾಗ ಇನ್ನೊಂದು ಮಾತು ಸೇರಿಸಿದರು: "ನೀವು ನನಗೊಂದ ಮಾತ ಮೊದಲs ಹೇಳಬೇಕಿತ್ರಿ." ಅವರಿಗೂ ಹಾಗೆ ಒಂದು ಕೂಸು ಹೋಗಿತ್ತೋ ಏನೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ರಿಸೆಪ್ಷನ್ ಬಾವಿಯ ಕಡೆ ಆಯಿತು. ನಿಮ್ಮ ಅವ್ವ ಬಯಸಿದಂತೆ ಜೋಳದ ಒಣ ದಂಟು ನಿಲ್ಲಿಸಿ ಮಾಡಿದ ಕಣಿಕೆಯ ಗೋಡೆ, ಕೂರಲು ನಮ್ಮ ಮನೆಯದೇ ಮರದ ಮಂಚ, ಅದರ ಮೇಲೆ ನಾನು ಹೊಲಿದ ಕೌದಿ. ಲಕ್ಷ್ಮೇಶ್ವರದ ಅಡುಗೆಯವರು ಗೋಧಿ ಹುಗ್ಗಿ, ಬದನೆಕಾಯಿ ಎಣಗಾಯಿ, ಮಿರ್ಚಿ ಮಾಡಿದ್ದರು. ಬಂದವರು ಜಾಗ ಹೊಗಳಿದರು. ನನಗೆ ಅದಾವುದೂ ತಲೆಗೆ ಹೋಗಲಿಲ್ಲ. ಅಷ್ಟು ಜನರ ನಡುವೆ, ಬಳೆಯಿಲ್ಲದ ಕೈಯಲ್ಲಿ, ಬಾಳೆಲೆ ಹಿಡಿದು ಹೊಲ ದಾಟಿ ಹೋಗಬೇಕಿತ್ತು. ವಿಡಿಯೋದವನು ಬೇರೆ ಕ್ಯಾಮೆರಾ ಹಿಡಿದು ಬೆನ್ನು ಹತ್ತಿದ. "ಅಮ್ಮಾರ, ಸ್ವಲ್ಪ ನಕ್ಕೋತ ಹೋಗ್ರಿ!"

ಎಲ್ಲಿಗೆ ಎಂದು ಯಾರೋ ಕೇಳಿದರು. "ಭೂಮಿತಾಯಿಗೆ ಎಡಿ ಇಡಾಕ್ರಿ," ಎಂದು ಮುಂಡರಗಿ ಅಜ್ಜಿಯೇ ದೊಡ್ಡ ದನಿಯಲ್ಲಿ ಹೇಳಿ, ವಿಡಿಯೋದವನ ರಟ್ಟೆ ಹಿಡಿದು ಮದುಮಕ್ಕಳ ಕಡೆ ತಿರುಗಿಸಿದರು. ನಾನು ಹೋಗಿ ಕಲ್ಲಿನ ಮುಂದೆ ಎಲೆ ಇಟ್ಟೆ. ಹಲ್ಲೂ ಬಂದಿರದ ಕೂಸಿಗೆ ಎಣಗಾಯಿ ಯಾಕೆ ಬಡಿಸಿದೆನೋ. ಹುಗ್ಗಿ ಒಂದೇ ಸಾಕಿತ್ತು ಎಂದು ಅಲ್ಲೇ ಕುಳಿತು ಅಂದುಕೊಂಡೆ. "ತಂಗೀನ್ನ ಕರೀಬ್ಯಾಡಪಾ," ಎಂದು ಅದಕ್ಕೆ ಹೇಳಿದೆ. ಗಾಳಿಗೆ ಎಲೆಯ ತುದಿ ಎದ್ದಿತು. ಒಂದು ಮಣ್ಣಿನ ಹೆಂಟೆ ಎತ್ತಿ ಎಲೆಯ ಮೇಲಿಟ್ಟು ಎದ್ದು ಬಂದೆ.

ಏನೂ ಆಗಲಿಲ್ಲ. ನಿಮ್ಮ ಅವ್ವ ಚೆನ್ನಾಗಿದ್ದಾಳೆ, ನೀವಿಬ್ಬರೂ ಹುಟ್ಟಿದಿರಿ. ಆದರೆ ನನ್ನ ಹೆದರಿಕೆ ಹೋಯಿತು ಎಂದು ತಿಳಿಯಬೇಡಿ. ನಿಮಗೆ ಜ್ವರ ಬಂದಾಗಲೆಲ್ಲ ನಾನು ಆ ಕಡೆ ನೋಡಿದ್ದೇನೆ. ನಿಮ್ಮನ್ನು ತಿಪ್ಪೆಯ ಮೇಲೆ ಮಲಗಿಸಲು ನಿಮ್ಮ ಅವ್ವ ಬಿಡಲಿಲ್ಲ, ನಕ್ಕುಬಿಟ್ಟಳು. ಇದನ್ನು ಬರೆದಿಡು ಎಂದವಳೂ ಅವಳೇ. ಅವಳು ಹೇಳಿ ಬಹಳ ದಿನಗಳಾದವು. ನಾನು ಇವತ್ತು ಧೈರ್ಯ ಮಾಡಿದ್ದೇನೆ.

ಹೊಲವನ್ನು ಈಗ ಬೇರೆಯವರು ವರ್ಷಕ್ಕಿಷ್ಟು ಎಂದು ಲಾವಣಿಗೆ ಹಿಡಿದು ಮಾಡುತ್ತಿದ್ದಾರೆ. ಹೊಸ ಟ್ರ್ಯಾಕ್ಟರು, ದೊಡ್ಡ ನೇಗಿಲು. ಕಲ್ಲು ವರ್ಷ ವರ್ಷ ಎರೆ ಮಣ್ಣಿನಲ್ಲಿ ಇಳಿಯುತ್ತಾ ಹೋಗಿ ಈಗ ಅಂಗೈಯಷ್ಟು ಮಾತ್ರ ಕಾಣುತ್ತದೆ. ಇನ್ನು ಕೆಲವು ಮಳೆಗಾಲ ಕಳೆದರೆ ಅದೂ ಕಾಣುವುದಿಲ್ಲ, ತೋರಿಸಲು ನಾನೂ ಇರುವುದಿಲ್ಲ. ಮರದ ಬುಡಕ್ಕೆ ಮೂಡಣ ದಿಕ್ಕಿನಲ್ಲಿ, ಚಾಚಿದ ದೊಡ್ಡ ಬೇರಿನ ಮಗ್ಗುಲಲ್ಲಿ ನಿಮ್ಮ ಸೋದರಮಾವ ಮಲಗಿದ್ದಾನೆ. ಅಲ್ಲಿ ಯಾರಿಗೂ ಅಗೆಯಲು ಬಿಡಬೇಡಿ. ನಿಮ್ಮ ಮದುವೆಗಳಲ್ಲಿ ಹಂದರ ಎಲ್ಲಿ ಬೇಕಾದರೂ ಹಾಕಿಸಿಕೊಳ್ಳಿ, ಆ ಮೂಲೆಯೊಂದನ್ನು ಬಿಟ್ಟು. ಅದಕ್ಕಾಗಿ ಈ ಹಾಳೆಗಳನ್ನು ಕಳೆಯಬೇಡಿ, ಗೆದ್ದಲು ಹತ್ತದ ಕಡೆ ಹೊಲದ ಕಾಗದಗಳ ಜೊತೆಗೆ ಇಟ್ಟುಕೊಳ್ಳಿ ಮಕ್ಕಳೇ.