ಡ್ರಾಯಿಂಗ್ ಮೇಷ್ಟ್ರ ಮಸಿ

ಹುಣಸೂರಿನ ನಮ್ಮ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದಿನ ಸ್ಟೂಲು ಇಪ್ಪತ್ತೆರಡು ವರ್ಷದಿಂದ ನನ್ನದು. ಸಾಲಿಗ್ರಾಮದಿಂದ ಬಂದ ಹೊಸ ಟೆಕ್ನಿಷಿಯನ್ ಹುಡುಗಿ ಅದರ ಮೇಲೆ ಕೂತರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ? ಡಾಕ್ಟರು ಈಚೆಗೆ ಏನಿದ್ದರೂ ಅವಳನ್ನೇ ಕರೆಯುತ್ತಿದ್ದರು. ನನ್ನನ್ನು ಕರೆಯುವುದು ಫ್ಯಾನು ಕೆಟ್ಟಾಗ.

ಕಂಪಲಾಪುರದ ಒಬ್ಬ ಹೆಂಗಸಿಗೆ ಮೂರು ವಾರದಿಂದ ಬಿಡದ ತಲೆನೋವು, ವಾಂತಿ. ತಮ್ಮ ಕೊಟ್ಟ ಕಿಡ್ನಿ ಹಾಕಿಸಿಕೊಂಡಿದ್ದರು. ಮೈ ಅದನ್ನು ತಳ್ಳಿಹಾಕದಿರಲಿ ಎಂದು ನುಂಗುತ್ತಿದ್ದ ಮಾತ್ರೆ, ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸಿತ್ತು. ಅವರ ಬೆನ್ನುಮೂಳೆಯಿಂದ ತೆಗೆದ ನೀರು ನನ್ನ ಬಳಿ ಬಂತು. ಗುಂಡನೆಯ ಸಣ್ಣ ಕಣಗಳನ್ನು ಕಂಡು 'ಬಿಳಿ ರಕ್ತಕಣ' ಎಂದು ಬರೆದೆ. ಡಾಕ್ಟರು ಮಿದುಳಿನ ಟಿಬಿ ಇರಬೇಕೆಂದು ಅದಕ್ಕೇ ಔಷಧಿ ಶುರುಮಾಡಿದರು.

ಮಾರನೆಯ ಬೆಳಿಗ್ಗೆ, ಉಳಿದಿದ್ದ ನೀರನ್ನು ಆ ಹೊಸ ಹುಡುಗಿ ನೋಡಿದಳು.

"ಅಕ್ಕ, ಇವು ಬಿಳಿಕಣ ಅಲ್ಲ ಅನ್ಸುತ್ತೆ ಕಣಕ್ಕ. ಒಂದು ಕಣ ಮೊಗ್ಗು ಬುಟ್ಟಂಗೈತೆ. ಇಂಡಿಯನ್ ಇಂಕ್ ಐತಾ?"

ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ! ಇಂಕಿನ ಬಾಟಲಿ ನನ್ನ ಡ್ರಾಯರಿನಲ್ಲೇ ಇತ್ತು.

"ಖಾಲಿಯಾಗೈತೆ ಬುಡು," ಅಂದೆ.

ಅವಳು ಬಿಡಲಿಲ್ಲ. ಪಕ್ಕದ ಹೈಸ್ಕೂಲಿಗೆ ಓಡಿ, ಡ್ರಾಯಿಂಗ್ ಮೇಷ್ಟ್ರ ಹತ್ತಿರ ಅದೇ ಕಪ್ಪು ಮಸಿ ಇಸಕೊಂಡು ಬಂದಳು. ಒಂದು ಹನಿ ಬೆರೆಸಿ, ನೋಡಿ, ಸ್ಟೂಲು ಬಿಟ್ಟು ಎದ್ದಳು. ಇವಳದು ತಪ್ಪಾಗಿರಲಿ ದೇವರೇ ಎಂದುಕೊಂಡು ಕಣ್ಣಿಟ್ಟೆ. ಕಪ್ಪಿನ ನಡುವೆ ಒಂದೊಂದು ಕಣದ ಸುತ್ತಲೂ ಬೆಳ್ಳನೆಯ ಬಳೆ; ಬಿಳಿ ರಕ್ತಕಣಕ್ಕೆ ಅದು ಇರುವುದಿಲ್ಲ. ಬೂಷ್ಟು! ಪಾರಿವಾಳದ ಹಿಕ್ಕೆಯಲ್ಲಿರುವ ಬೂಷ್ಟು, ಗಟ್ಟಿಮುಟ್ಟಾದವರನ್ನು ಸಾಮಾನ್ಯವಾಗಿ ಏನೂ ಮಾಡದ್ದು, ಆ ಹೆಂಗಸಿನ ಮಿದುಳಿಗೆ ಹತ್ತಿತ್ತು. ಟಿಬಿ ಔಷಧಿಗೆ ಅದು ಜಗ್ಗುವುದಿಲ್ಲ. ಹಾಗೇ ಬಿಟ್ಟಿದ್ದರೆ ಸಾಯುತ್ತಿದ್ದರು.

ನನ್ನ ರಿಪೋರ್ಟನ್ನು ನಾನೇ ಹೊಡೆದುಹಾಕಿ ಹೊಸದು ಬರೆದೆ. ಡಾಕ್ಟರು ಅವತ್ತೇ ಅವರನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

ಆ ವಾರವೇ ಅವಳು ಪೆನ್ನಿಗೆಂದು ನನ್ನ ಡ್ರಾಯರು ತೆಗೆದಳು. ಬಾಟಲಿ ಎದುರಿಗೇ ಇತ್ತು, ಮುಕ್ಕಾಲು ತುಂಬಿದ್ದು. ನೋಡಿದಳು. ಪೆನ್ನು ತೆಗೆದುಕೊಂಡು ಮುಚ್ಚಿದಳು.

ಎರಡು ತಿಂಗಳ ಮೇಲೆ ಆ ಹೆಂಗಸು ತಾವೇ ನಡೆದು ಲ್ಯಾಬಿಗೆ ಬಂದರು. ಮುಡಿಯಲ್ಲಿ ಕನಕಾಂಬರ.

"ಯಾರವ್ವ ಅದ ಕಂಡಿಡಿದೋರು?"

ನಾನು ರಿಜಿಸ್ಟರಿನ ಹಾಳೆ ತಿರುವಿದೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು, "ಇಬ್ರೂವೇ ನೋಡಿದ್ವಿ ಕಣವ್ವ."

ಆ ಹೆಂಗಸು ನಮ್ಮಿಬ್ಬರ ಕೈಯನ್ನೂ ಹಿಡಿದು ಕಣ್ಣಿಗೊತ್ತಿಕೊಂಡರು. ಈ ಹುಡುಗಿಯ ಚುರುಕು ಕಣ್ಣಿಗೆ, ಅವಳ ಓದಿಗೆ ಉರಿದಿದ್ದು ಒಂದು ತೂಕ. ಅವತ್ತು ಅವಳ ಒಳ್ಳೆಯತನಕ್ಕೂ ಉರಿದೆ.