ಟೆಂಪೋ ಹತ್ತದ ಕಾಲು

ನಮ್ಮ ಮನೆಯ ಗಂಡಸರು ಪ್ರತಿ ಶಿವರಾತ್ರಿಗೂ ದೊಡ್ಡಬಳ್ಳಾಪುರದಿಂದ ಧರ್ಮಸ್ಥಳಕ್ಕೆ ನಡೆದೇ ಹೋಗುತ್ತಾರೆ. ನಾನೂ ವರ್ಷವರ್ಷ ಹೋಗುತ್ತಿದ್ದೆ, ಟೆಂಪೋದಲ್ಲಿ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಪಾತ್ರೆಗಳ ನಡುವೆ ಕೂತು ಮುಂದೆ ಹೋಗಿ, ಅವರು ಬಂದು ಸೇರುವಷ್ಟರಲ್ಲಿ ಅಡುಗೆ ಮಾಡಿಟ್ಟಿರಬೇಕು. ಪುಣ್ಯ ಅವರಿಗೆ, ಸೌಟು ನನಗೆ. ಈ ಸಲ ನಾನೂ ನಡೆಯುತ್ತೇನೆ ಎಂದೆ. ನನ್ನ ಗಂಡನ ಅಣ್ಣ, ಅಂದರೆ ಭಾವ, ನಕ್ಕುಬಿಟ್ಟರು.

"ನಡಿಯಮ್ಮಾ, ಯಾರು ಬೇಡ ಅಂದ್ರು. ನೆಲಮಂಗಲ ದಾಟೋದ್ರೊಳಗೆ ಟೆಂಪೋ ಹತ್ತಿರ್ತೀಯ, ನೋಡ್ತಿರು."

ಆ ನಗುವಿಗೆ ನನ್ನ ಮೈ ಉರಿದುಹೋಯಿತು. ಮರುದಿನದಿಂದಲೇ ನಸುಕಿನಲ್ಲಿ ಎದ್ದು ದೊಡ್ಡಬೆಳವಂಗಲದ ರಸ್ತೆ ಹಿಡಿದು ನಡೆಯತೊಡಗಿದೆ. ವಾಪಸು ಬಂದು ಮಗ್ಗ ಹಾಕುತ್ತಿದ್ದೆ. ಎರಡು ಪವರ್‌ಲೂಮ್‌ಗಳ ನಡುವೆ ದಿನವಿಡೀ ಬರಿಗಾಲಲ್ಲಿ ಓಡಾಡಿ ನನ್ನ ಪಾದ ಅಗಲವಾಗಿ ಹರಡಿಕೊಂಡಿದೆ. ಅದನ್ನು ಹೊಸ ಕ್ಯಾನ್ವಾಸ್ ಶೂ ಒಳಗೆ ತುರುಕಿದ್ದೆ. ಶೂ ಕಚ್ಚಿ, ಹಿಮ್ಮಡಿಯಲ್ಲಿ ದಪ್ಪನೆಯ ನೀರುಗುಳ್ಳೆ ಎದ್ದಿತು.

ಗುಳ್ಳೆಗೆ ಸೂಜಿ ಚುಚ್ಚಿ ದಾರ ಎಳೆದು ಬಿಟ್ಟರೆ ನೀರು ತಾನಾಗಿ ಇಳಿಯುತ್ತದೆ ಅಂತ ಪಾದಯಾತ್ರೆಯವರೆಲ್ಲ ಹೇಳುತ್ತಾರೆ. ಬಿಳಿ ದಾರ ಹುಡುಕುವಷ್ಟು ತಾಳ್ಮೆ ನನಗೆಲ್ಲಿ? ಮಗ್ಗದ ಪಕ್ಕ ಬಿದ್ದಿದ್ದ ಕೆಂಪು ಬಣ್ಣದ ಆರ್ಟ್ ಸಿಲ್ಕ್ ಎಳೆಯನ್ನೇ ಸೂಜಿಗೆ ಪೋಣಿಸಿದೆ. ಹಗಲೆಲ್ಲ ಕಡಿದ ಎಳೆಗಳಿಗೆ ಗಂಟು ಹಾಕುವ ಬೆರಳುಗಳು ಸುಮ್ಮನಿರಬೇಕಲ್ಲ, ಅಲ್ಲಿಯೂ ಬಿಗಿಯಾಗಿ ಗಂಟು ಹಾಕಿಬಿಟ್ಟವು. ಕಾಲು ಬಾತು, ಕೀವು ತುಂಬಿ, ನೆಲಕ್ಕೆ ಊರಲಾರದಂತಾಯಿತು.

ಗಂಟು ಬಿಡಿಸಿದ ಡಾಕ್ಟರಮ್ಮ, "ಕಾಲಿಗೂ ಸೀರೆ ನೇಯೋಕೆ ಹೊರಟಿದ್ರಾ?" ಎಂದು ಕೇಳಿದರು. ಬಣ್ಣದ ನೂಲನ್ನು ಗಾಯದೊಳಗೆ ಬಿಟ್ಟರೆ ಇನ್ನೇನಾಗುತ್ತೆ ಎಂದು ಬೈದು, ಮಾತ್ರೆ ಕೊಟ್ಟು, ವಾಸಿಯಾಗುವವರೆಗೂ ನಡೆಯಬೇಡಿ ಎಂದರು.

ಭಾವ ನೋಡಲು ಬಂದರು. "ದೇವ್ರೇ ಟೆಂಪೋದಲ್ಲಿ ಬಾ ಅಂತವ್ನೆ ಬಿಡಮ್ಮಾ."

"ದೇವ್ರು ನಂಗೇ ಹೇಳ್ಲಿ ಭಾವ. ನಿಮ್ಮ ಕೈಲಿ ಯಾಕೆ ಹೇಳಿ ಕಳಿಸ್ತಾನೆ?" ಎಂದೆ.

ಬಾಯಿ ಅಷ್ಟು ಜೋರು ಮಾಡಿದರೂ ಒಳಗೆ ಹೆದರಿಕೆಯಿತ್ತು. ಈ ವರ್ಷ ಟೆಂಪೋ ಹತ್ತಿದರೆ ಇನ್ನು ಜನ್ಮದಲ್ಲಿ ಇಳಿಯಲು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಗ್ಗದ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಕೂತು ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತಾ ಗಾಯ ಮಾಯಲು ಬಿಟ್ಟೆ. ವಾಸಿಯಾದ ಮೇಲೆ ಡಾಕ್ಟರಮ್ಮನಿಗೆ ತೋರಿಸಿ, ಸರಿ ಅನ್ನಿಸಿಕೊಂಡು, ಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ಕೆರೆ ಏರಿಯವರೆಗೆ ನಡೆದೆ. ಕಚ್ಚಿದ ಶೂಗೂ ಬುದ್ಧಿ ಕಲಿಸಿದೆ. ನೂಲು ಕತ್ತರಿಸುವ ಕತ್ತರಿಯಿಂದ ಅದರ ಹಿಂಭಾಗವನ್ನೇ ಕತ್ತರಿಸಿ ಹಾಕಿ, ಜಾರದಂತೆ ಹಳೆ ಸೀರೆಯ ಅಂಚನ್ನು ಪಟ್ಟಿ ಮಾಡಿ ಹೊಲಿದೆ. ನೋಡಿದವರು ನಕ್ಕರು. ನಗಲಿ.

ಹೊರಟ ದಿನ ಎಲ್ಲರಿಗಿಂತ ಹಿಂದೆ ಕುಂಟುತ್ತಲೇ ನಡೆದೆ. ಟೆಂಪೋ ಡ್ರೈವರ್ ಪಕ್ಕಕ್ಕೆ ಬಂದು, "ಹತ್ತಕ್ಕಾ" ಎಂದ. ಮುಂದೆ ಹೋಗು ಅಂತ ಕೈ ಬೀಸಿದೆ.

ಮಧುರೆ ದಾಟಿದ ಮೇಲೆ ಹುಣಸೆ ಮರದ ಕೆಳಗೆ ಮೊದಲ ತಂಗು. ಕೊನೆಗೆ ನಾನೂ ಹೋಗಿ ಸೇರಿದಾಗ ಗಂಡಸರೆಲ್ಲ ಜಮಖಾನ ಹಾಸಿಕೊಂಡು ಮಲಗಿದ್ದರು. ರವೆ ಚೀಲದ ಬಾಯಿ ಬಿಚ್ಚಿರಲಿಲ್ಲ, ಒಲೆ ಹಚ್ಚಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಭಾವ ಹೊಟ್ಟೆ ಸವರಿಕೊಂಡು, "ಬಂದ್ಯಾ? ಬೇಗ ಒಂದಿಷ್ಟು ಉಪ್ಪಿಟ್ಟು ಮಾಡ್ಬಿಡಮ್ಮಾ" ಎಂದರು.

ಜಮಖಾನದ ಒಂದು ತುದಿ ಎಳೆದುಕೊಂಡು ಕೂತೆ. ಶೂ ಕಳಚಿ, ಕಾಲು ನೀಡಿದೆ.

"ನಾನೂ ನಡ್ಕೊಂಡೇ ಬಂದಿದ್ದೀನಿ ಭಾವ. ಉಪ್ಪು ಸ್ವಲ್ಪ ಕಮ್ಮಿ ಹಾಕಿ."